ಕಲೆಯಿಲ್ಲದ ಹಾಸು

ಬೆರಳು ಕೊಯ್ದುಕೊಂಡದ್ದು ಸೊಸೆ, ಬೈಸಿಕೊಂಡದ್ದು ಚಾಕು. ಆಲೂಗಡ್ಡೆ ಹೆಚ್ಚುತ್ತ ಕಣ್ಣನ್ನು ಕಿಟಕಿಯಾಚೆ ಬಿಟ್ಟಿದ್ದೇ ಇದಕ್ಕೆ ಕಾರಣವೆಂದು ಒಪ್ಪಿಕೊಳ್ಳಲು ಅವಳು ತಯಾರಿರಲಿಲ್ಲ. ಅತ್ತೆ ವಾದಕ್ಕೆ ನಿಲ್ಲದೆ ಗಾಯವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರು, ಒರೆಸಿದರು, ಗೂಡಿನಲ್ಲಿದ್ದ ಅಯೋಡಿನ್ ಮುಲಾಮಿನ ಟ್ಯೂಬು ತಂದು ಕಾಳಿನಷ್ಟು ಹಿಂಡಿ ತೆಳ್ಳಗೆ ಸವರಿದರು. ಟ್ಯೂಬಿನ ಕತ್ತಿನ ಸುತ್ತ ಹಳೆಯ ಮುಲಾಮು ಕಂದುಬಣ್ಣಕ್ಕೆ ಒಣಗಿ ಅಂಟಿಕೊಂಡಿತ್ತು.

"ಇನ್ನೊಂದಿಷ್ಟು ಹಾಕಿ ಅತ್ತೆ. ಮುಲಾಮಿಗೂ ಜಿಪುಣತನವಾ?"

"ಬಳಿಯೋದಕ್ಕೆ ಇದು ಬೆಣ್ಣೆ ಅಲ್ಲ ಕಣೇ. ಸಣ್ಣ ಗಾಯಕ್ಕೆ, ತೆಳ್ಳಗೆ, ನಾಲ್ಕು ದಿನ. ಅಷ್ಟಕ್ಕೆ ಇದು ಬಹಳ ಒಳ್ಳೇದು."

ಸೊಸೆ ಮತ್ತೆ ಆಲೂಗಡ್ಡೆಗೆ ಕೈ ಹಾಕಿದಳು. ಬೆರಳು ತಾಗಿದ ಹೋಳಿನ ಮೇಲೆ ಕಡುನೀಲಿ ಮಚ್ಚೆಯೊಂದು ಮೂಡಿತು. ಗಡ್ಡೆ ಕೊಳೆತಿದೆ, ಅಂಗಡಿಯವನಿಗೆ ಮಂಗಳಾರತಿ ಆಗಬೇಕು ಎಂದು ಅವಳು ರೇಗಿದಳು. ಕೊಳೆತಿಲ್ಲ, ಹಿಟ್ಟಿನಂಶ ಇರುವುದಕ್ಕೆ ಅಯೋಡಿನ್ ತಾಗಿದರೆ ಹೀಗೆ ನೀಲಿಗಟ್ಟುತ್ತದೆ, ಶಾಲೆಯಲ್ಲಿ ಇದನ್ನು ಹೇಳಿಕೊಟ್ಟಾಗಲೂ ನೀನು ಕಿಟಕಿಯನ್ನೇ ನೋಡುತ್ತಿದ್ದಿರಬೇಕು ಎಂದು ಅತ್ತೆ ನಕ್ಕರು.

ಊರಿನವರು ಅವರಿಗೆ ಇಟ್ಟ ಹೆಸರು ‘ಪತ್ತೆ ಅತ್ತೆ’. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ತಲೆ ನೆರೆಯುವವರೆಗೆ ದುಡಿದು ಮನೆಗೆ ಬಂದವರು. ಅವರು ಇಲಾಖೆಯನ್ನು ಬಿಟ್ಟರೂ ಇಲಾಖೆ ಅವರನ್ನು ಬಿಟ್ಟಿರಲಿಲ್ಲ. ಅವರ ಮಗ ರೈಲು ಓಡಿಸುವವನಾದ್ದರಿಂದ ಮನೆಯಲ್ಲಿ ಇರುತ್ತಿದ್ದವರು ಅತ್ತೆ ಸೊಸೆ ಇಬ್ಬರೇ. ಅತ್ತೆಯ ಬುದ್ಧಿ, ಸೊಸೆಯ ಸ್ಕೂಟರು. ಅತ್ತೆ ಸೊಸೆ ಒಂದೇ ಗಾಡಿಯಲ್ಲಿ ಜಗಳವಾಡದೆ ಹೋಗುವುದು ಹೇಗೆ ಎಂಬ ಪ್ರಕರಣವನ್ನು ಮಾತ್ರ ಈವರೆಗೆ ಯಾರೂ ಬಿಡಿಸಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹುಡುಗಿ ಬಂದು ನಿಂತಳು. ಒಳಗೆ ಕರೆದರೂ ಹೊಸ್ತಿಲು ದಾಟಲಿಲ್ಲ. ಅವಳ ಕಣ್ಣು ಮೇಜಿನ ಮೇಲಿನ ಟ್ಯೂಬಿಗೆ ನಾಟಿತ್ತು, ಮುಖ ಬಿಳಿಚಿಕೊಂಡಿತ್ತು.

"ಅದನ್ನ ಒಳಗಿಡಿ ಅಮ್ಮ," ಎಂದಳು. "ಅದರ ದೆಸೆಯಿಂದ ನನ್ನ ಜೈಲಿಗೆ ಹಾಕ್ತಾರೆ."

ಅವಳು ರೋಗಿಗಳ ಮನೆಗೆ ಹೋಗಿ ಆರೈಕೆ ಮಾಡುವ ನರ್ಸು. ಅಪ್ಪ ಅಮ್ಮ ಇಲ್ಲದವಳು, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವವಳು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅವಳು ಹೇಳಿದ ಕತೆ ಇದು.

ಪೇಟೆಬೀದಿಯ ಕೊನೆಯ ಲಾಂಡ್ರಿಯ ಯಜಮಾನರ ಮೇಲೆ ಕುದಿಯುವ ಗಂಜಿಯ ಹಂಡೆ ಮಗುಚಿಬಿದ್ದಿತ್ತು. ಎರಡು ಕೈ, ಹೊಟ್ಟೆ, ತೊಡೆ ಎಲ್ಲ ಬೆಂದಿತ್ತು. ಮೊದಲೇ ಅವರ ಕತ್ತಿನಲ್ಲಿ ಥೈರಾಯ್ಡಿನ ಗಂಟು, ಜೊತೆಗೆ ಸೋತ ಕಿಡ್ನಿ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಒಂದು ಬಿಳೀ ಕ್ರೀಮು ಬರೆದುಕೊಟ್ಟು, ಅಯೋಡಿನ್ ಮುಲಾಮನ್ನು ಮಾತ್ರ ಹತ್ತಿರಕ್ಕೂ ತರಬಾರದೆಂದು ನರ್ಸಿಗೂ ಯಜಮಾನಿಗೂ ಬಿಡಿಸಿ ಹೇಳಿದ್ದರು. ಹಗಲಿಗೆ ನರ್ಸು. ಸಂಜೆ ಅವಳು ಹೋದ ಮೇಲೆ ಸ್ವಲ್ಪ ಹೊತ್ತು ಯಜಮಾನರ ತಮ್ಮ, ಆಮೇಲೆ ಯಜಮಾನಿ ಹತ್ತಿರ ಕೂರುತ್ತಿದ್ದರು. ಯಜಮಾನರಿಗೆ ಬಿಳೀ ಕ್ರೀಮಿನ ಮೇಲೆ ನಂಬಿಕೆಯೇ ಇರಲಿಲ್ಲ. ಇದೇನು ಸುಣ್ಣ ಬಳಿಯುತ್ತಿದ್ದೀಯ, ನಮ್ಮ ಲಾಂಡ್ರಿಯಲ್ಲಿ ಎಷ್ಟು ಸುಟ್ಟಗಾಯ ಆ ಕೆಂಪು ಅಯೋಡಿನ್ ಮುಲಾಮಿನಲ್ಲೇ ವಾಸಿಯಾಗಿದೆ ಗೊತ್ತಾ ಎಂದು, ಅವಳು ಚಮಚದಲ್ಲಿ ಊಟ ಮಾಡಿಸುವಾಗಲೆಲ್ಲ ಗೊಣಗುತ್ತಿದ್ದರು.

ಗಾಯ ಮಾಯುತ್ತ ಬಂದಿತ್ತು. ಮನುಷ್ಯ ಮಾತ್ರ ಇಳಿಯುತ್ತ ಹೋದರು. ಎದೆ ಹೊಡೆದುಕೊಳ್ಳುವುದು, ಬೆವರು, ನಡುಕ. ಒಂದು ಬೆಳಿಗ್ಗೆ ಜ್ವರ ಏರಿ ಎಚ್ಚರ ತಪ್ಪಿತು. ಆಸ್ಪತ್ರೆಗೆ ಸಾಗಿಸಿದರೂ ಉಳಿಯಲಿಲ್ಲ. ರಕ್ತ ಪರೀಕ್ಷೆಯಲ್ಲಿ ಅಯೋಡಿನ್ ಮಿತಿಮೀರಿತ್ತು. ಯಾರೋ ದಿನವೂ ಹಚ್ಚಿದ್ದಾರೆ ಎಂದರು ಡಾಕ್ಟರು. ಗಾಯಕ್ಕೆ ಕಟ್ಟು ಕಟ್ಟುತ್ತಿದ್ದವಳು ನರ್ಸು. ಅವಳ ಚೀಲದಲ್ಲಿ ಅರ್ಧ ಖಾಲಿಯಾದ ಅಯೋಡಿನ್ ಟ್ಯೂಬು ಸಿಕ್ಕಿತು.

"ನಾನು ಇಟ್ಟಿದ್ದಲ್ಲ ಅಮ್ಮ. ಬಿಳೀ ಕ್ರೀಮು ದುಬಾರಿ, ಅದನ್ನ ಮಾರ್ಕೊಂಡು ಇದನ್ನ ಹಚ್ಚಿದ್ದಾಳೆ ಅಂತ ಅವರ ತಮ್ಮ ಬೀದೀಲೆಲ್ಲಾ ಹೇಳ್ಕೊಂಡು ಬರ್ತಿದಾರೆ. ನನ್ನನ್ನ ಇನ್ಯಾರು ಮನೆಗೆ ಸೇರಿಸ್ತಾರೆ?"

ಕಟ್ಟಿನಲ್ಲಿ, ಚರ್ಮದಲ್ಲಿ, ಹಾಸಿನಲ್ಲಿ ಎಂದಾದರೂ ಕೆಂಪು ಬಣ್ಣ ಕಂಡಿತ್ತೇ ಎಂದು ಅತ್ತೆ ಕೇಳಿದರು. ಒಂದು ದಿನವೂ ಇಲ್ಲ ಎಂದಳು. ಬೇರೆ ಏನಾದರೂ? ಹುಡುಗಿ ಯೋಚಿಸಿದಳು. ಕೆಲವು ಬೆಳಿಗ್ಗೆ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಿದ ಹಾಗೆ ಕಾಣುತ್ತಿತ್ತು. ಯಜಮಾನಿಯನ್ನು ಕೇಳಿದ್ದಳು. ತುರಿಕೆ ತಡೆಯಲಾರದೆ ಅವರೇ ಸಡಿಲಿಸಿಕೊಂಡಿದ್ದರು, ಪಾಪ, ಎಂದಿದ್ದರಂತೆ.

"ಡಾಕ್ಟರಿಗೆ ಹೇಳಿದೆಯಾ?"

ನರ್ಸು ತಲೆ ತಗ್ಗಿಸಿದಳು. ಹೇಳಿರಲಿಲ್ಲ. ಹೇಳಿದರೆ ಯಜಮಾನಿಗೆ ಬೈಗುಳ ಬೀಳುತ್ತದೆಂದು ಸುಮ್ಮನಿದ್ದಳು. ಆ ಮನೆಯಲ್ಲಿ ಅವಳನ್ನು ಮಗಳೇ ಎಂದು ಕರೆದವರು, ಅವಳ ಏಪ್ರನ್ನನ್ನು ತಾವೇ ಒಗೆದು, ಗಂಜಿ ಹಾಕಿಸಿ, ದಿನ ಬಿಟ್ಟು ದಿನ ಗರಿಗರಿಯಾಗಿ ಕೊಡುತ್ತಿದ್ದವರು ಯಜಮಾನಿ ಒಬ್ಬರೇ. ಯಜಮಾನರು ಸತ್ತ ಮೇಲೆ ಮಾತಾಡಿಸಲು ಹೋದಾಗಲೂ ತಬ್ಬಿಕೊಂಡು ಅತ್ತಿದ್ದರು.

ಸೊಸೆಗೆ ಆ ಕ್ಷಣವೇ ಯಜಮಾನಿಯ ಮೇಲೆ ಗೌರವ ಹುಟ್ಟಿತು. ತಮ್ಮನ ಮೇಲೆ ಅನುಮಾನವೂ ಹುಟ್ಟಿತು. ಅಣ್ಣ ಹೋದರೆ ಲಾಂಡ್ರಿ ಯಾರ ಪಾಲು ಎಂಬುದನ್ನು ತಿಳಿಯಲು ಬೆರಳಚ್ಚು ವಿಭಾಗದಲ್ಲಿ ದುಡಿದಿರಬೇಕಾಗಿಲ್ಲ ಎಂದುಕೊಂಡಳು.

ಮೊದಲು ಡಾಕ್ಟರ ಹತ್ತಿರ ಹೋದರು. ಆ ಮನುಷ್ಯನಿಗೆ ದುಃಖಕ್ಕಿಂತ ಸಿಟ್ಟು ಹೆಚ್ಚಿತ್ತು. ಮುಲಾಮು ಕೆಟ್ಟದ್ದಲ್ಲ, ಎಂದರು. ತರಚು, ಕೊಯ್ತ, ಸಣ್ಣ ಸುಟ್ಟಗಾಯಕ್ಕೆ ತೆಳ್ಳಗೆ ಹಚ್ಚಿದರೆ ಕೀವಾಗದಂತೆ ಕಾಯುತ್ತದೆ. ಆದರೆ ಹಸಿಗಾಯ ದೊಡ್ಡದಾದಷ್ಟೂ ಮುಲಾಮಿನ ಅಯೋಡಿನ್ ಹೆಚ್ಚೆಚ್ಚು ರಕ್ತಕ್ಕಿಳಿಯುತ್ತದೆ. ಥೈರಾಯ್ಡ್ ತೊಂದರೆ ಇರುವವರು, ಕಿಡ್ನಿ ಸೋತವರು ಅದನ್ನು ತಾಳಲಾರರು. ಬಸುರಿಯರು, ಹಾಲೂಡುವ ತಾಯಂದಿರು ಡಾಕ್ಟರನ್ನು ಕೇಳದೆ ಹಚ್ಚಬಾರದು, ಹಸುಗೂಸಿಗಂತೂ ಹಚ್ಚಲೇಬಾರದು. ಯಜಮಾನರ ಥೈರಾಯ್ಡ್ ಒಲೆಗೆ ಸೀಮೆಎಣ್ಣೆ ಸುರಿದ ಹಾಗೆ ಭುಗಿಲೆದ್ದಿತ್ತು. ಎದೆ ಆ ಓಟವನ್ನು ತಡೆಯಲಿಲ್ಲ.

"ಬಣ್ಣ ಒಂದು ದಿನವೂ ಕಂಡಿಲ್ಲವಂತೆ," ಎಂದರು ಅತ್ತೆ. "ಬಣ್ಣ ತೆಗೆದುಬಿಟ್ಟರೆ ಅಯೋಡಿನ್ನೂ ಹೋಗುತ್ತಾ ಡಾಕ್ಟರೇ?"

"ಎಲ್ಲಿಗೆ ಹೋಗುತ್ತೆ? ಬಣ್ಣವಿಲ್ಲದ ಉಪ್ಪಾಗಿ ಅಲ್ಲೇ ಇರುತ್ತೆ. ಮೈಗಿಳಿಯೋದು ಇಳಿದೇ ಇಳಿಯುತ್ತೆ."

ಠಾಣೆಯ ಇನ್ಸ್‌ಪೆಕ್ಟರು ಒಂದು ಕಾಲದಲ್ಲಿ ಅತ್ತೆಯ ಕೈಕೆಳಗೆ ಕಲಿತವರು. ಚೀಲದಲ್ಲಿ ಸಿಕ್ಕ ಟ್ಯೂಬನ್ನು ತೋರಿಸಿದರು. ಅರ್ಧ ಹಿಂಡಿದ್ದರೂ ಕತ್ತು, ಮುಚ್ಚಳ ಎಲ್ಲ ಅಂಗಡಿಯಿಂದ ಈಗ ತಂದಂತೆ ಬೆಳ್ಳಗಿದ್ದವು. ಬೆರಳಚ್ಚು ಕೂಡ ಇರಲಿಲ್ಲ. ಇಂಥ ಟ್ಯೂಬುಗಳನ್ನು ಕೆಲಸದವರ ಸುಟ್ಟಗಾಯಕ್ಕೆಂದು ಯಜಮಾನರ ತಮ್ಮನೇ ಔಷಧಿ ಅಂಗಡಿಯಿಂದ ತಂದು ಲಾಂಡ್ರಿಯ ಗೂಡಿನಲ್ಲಿ ಇಡುತ್ತಿದ್ದನಂತೆ. ಸೊಸೆ ಅತ್ತೆಯ ಕಡೆ ಅರ್ಥಗರ್ಭಿತವಾಗಿ ನೋಡಿದಳು. ಅತ್ತೆ ಅವಳ ಕಡೆ ನೋಡಲೇ ಇಲ್ಲ.

ನರ್ಸಿನ ಚೀಲ ಹುಡುಕಬೇಕೆಂದು ಹೊಳೆದದ್ದು ಯಾರಿಗೆ ಎಂದು ಕೇಳಿದಾಗ ಇನ್ಸ್‌ಪೆಕ್ಟರು ಸ್ವಲ್ಪ ಹೆಮ್ಮೆಯಿಂದಲೇ ತಮಗೆ ಎಂದರು. ತಾವು ವಿಚಾರಣೆಗೆ ಹೋದ ಸಂಜೆ, ಮಾತಾಡಿಸಲು ಬಂದಿದ್ದ ಹುಡುಗಿ ಇನ್ನೂ ಆ ಮನೆಯಲ್ಲಿದ್ದಳು. ತಮ್ಮ ಕೂಗಾಡುತ್ತಿದ್ದ, ನರ್ಸು ಅಳುತ್ತಿದ್ದಳು. ಅವಳ ಪರವಾಗಿ ಒಂದು ಮಾತಾಡಿದವರು ಯಜಮಾನಿ ಮಾತ್ರ. ಪಾಪದ ಹುಡುಗಿ, ಅವಳ ಚೀಲ ಗೀಲ ತಡಕಬೇಡಿ ಎಂದು ಕೈ ಮುಗಿದಿದ್ದರು.

"ಅದಕ್ಕೆ ಮುಂಚೆ ಚೀಲದ ಮಾತು ಬಂದಿತ್ತೇನಪ್ಪ?"

ಇನ್ಸ್‌ಪೆಕ್ಟರು ತಲೆ ಕೆರೆದುಕೊಂಡರು. ಬಂದ ನೆನಪಿಲ್ಲ ಎಂದರು.

ಮಧ್ಯಾಹ್ನ ಲಾಂಡ್ರಿಗೆ ಹೋದಾಗ ಮುಂಬಾಗಿಲು ಅರ್ಧ ಮುಚ್ಚಿತ್ತು. ಸಾವಿನ ಮನೆಯಾದ್ದರಿಂದ ಬಾಯ್ಲರು ತಣ್ಣಗಿತ್ತು. ಹಗ್ಗಗಳು ಖಾಲಿ, ಒಗೆಯಬೇಕಾದ ಬಟ್ಟೆಯ ಬುಟ್ಟಿಗಳು ಗೋಡೆಯ ಬುಡದಲ್ಲಿ ತುಂಬಿದಂತೆಯೇ ಇದ್ದವು. ಮನೆ ಹಿಂದುಗಡೆಯೇ. ಕಿಟಕಿಯ ಪರದೆಯಿಂದ ಮೇಜಿನ ಬಟ್ಟೆಯವರೆಗೆ ಆ ಮನೆಯಲ್ಲಿ ಎಲ್ಲವೂ ಗಂಜಿ ಕುಡಿದು ಹಪ್ಪಳದಂತೆ ನಿಂತಿತ್ತು. ಕಾಯಿಲೆಯ ಹಾಸನ್ನೂ ಗಂಜಿಯಿಲ್ಲದೆ ಹಾಸಲು ಅಣ್ಣ ಬಿಡುತ್ತಿರಲಿಲ್ಲ ಎಂದು ತಮ್ಮ ಹೇಳಿದ. ಲಾಂಡ್ರಿಯಲ್ಲಿ ಗಂಜಿ, ಇಸ್ತ್ರಿ ಎರಡೂ ತಮ್ಮನ ಪಾಲು. ಕಲೆ ತೆಗೆಯುವುದು ಅಣ್ಣನ ಪಾಲು. ಎಣ್ಣೆ, ಶಾಯಿ, ತುಕ್ಕು, ರಕ್ತ, ಯಾವುದನ್ನೂ ಅವರು ಬಿಡುತ್ತಿರಲಿಲ್ಲವಂತೆ. ಹೆಂಡತಿ ಅವರಿಗೆ ಬಲಗೈ.

ತಮ್ಮನದು ಒರಟು ಬಾಯಿ. ಆ ಹುಡುಗಿಯ ಹೆಸರೆತ್ತಿದರೆ ಉರಿದುಬೀಳುತ್ತಿದ್ದ. ಪತ್ತೇದಾರಿಕೆ ಮಾಡುವ ಹೆಂಗಸರಿಗೆ ಮನೆಯಲ್ಲಿ ಕೆಲಸ ಇಲ್ಲವೇ ಎಂದೂ ಕೇಳಿದ. ಯಜಮಾನಿ ಅವನನ್ನು ಗದರಿಸಿ, ಇಬ್ಬರಿಗೂ ಬಿಸಿ ಕಾಫಿ ತಂದು, ಸೊಸೆಯ ಬೆರಳು ನೋಡಿ ನೋವಿದೆಯಾ ಮಗಳೇ ಎಂದರು. ಸೊಸೆ ಕರಗಿಹೋದಳು. ಲೋಟ ತೆಗೆದುಕೊಳ್ಳುವಾಗ ಮುಲಾಮು ಹಚ್ಚಿದ ಬೆರಳು ಮೇಜಿನ ಬಟ್ಟೆಗೆ ಒರೆಸಿ, ಗಂಜಿ ಹಾಕಿದ ಆ ಬಿಳುಪಿನ ಮೇಲೆ ಅದೇ ಕಡುನೀಲಿ ಮಚ್ಚೆ ಮೂಡಿತು. ಅವಳು ನಾಚಿಕೆಯಿಂದ ಕುಗ್ಗಿದಳು.

ಯಜಮಾನಿ ಇದು ಏನು ಕಲೆ ಎಂದು ಕೇಳಲೂ ಇಲ್ಲ. ಎದ್ದುಹೋಗಿ ಸಣ್ಣ ಬಾಟಲಿಯಲ್ಲಿ ನೀರಿನಂಥದ್ದೇನೋ ತಂದರು. ಬಟ್ಟೆಯ ತುಂಡಿನಿಂದ ಎರಡು ಸಲ ಒತ್ತಿದರು. ನೀಲಿ ಕಣ್ಣೆದುರಿಗೇ ಮಾಯವಾಯಿತು.

"ಹೈಪೋ ಅನ್ನೋ ಉಪ್ಪಿನ ನೀರು," ಎಂದರು. "ನಮ್ಮನೆಯವರು ಕಲಿಸಿದ್ದು. ನೋಡಿ, ಕಲೆ ಹೋಯ್ತಲ್ಲ, ಇನ್ನೇನೂ ಉಳಿದಿಲ್ಲ."

ಅತ್ತೆ ಕಾಫಿ ಮುಗಿಸಲು ಬಹಳ ಹೊತ್ತು ತೆಗೆದುಕೊಂಡರು. ಒದ್ದೆ ಆರುವವರೆಗೂ ಅದು ಇದು ಮಾತಾಡುತ್ತಾ ಕುಳಿತರು. ಏಳುವಾಗ ಆ ಜಾಗವನ್ನು ಒಮ್ಮೆ ಬೆರಳಿನಿಂದ ಸವರಿ, ಯಜಮಾನರನ್ನು ಆಸ್ಪತ್ರೆಗೆ ಒಯ್ದ ದಿನದ ಹಾಸು ಎಲ್ಲಿದೆ ಎಂದು ಕೇಳಿದರು. ಮುಂದುಗಡೆ ಗೋಡೆ ಬುಡದ ಒಂದು ಬುಟ್ಟಿಯಲ್ಲಿದೆ, ನರ್ಸಿನ ಕೊನೆಯ ಏಪ್ರನ್ನೂ ಅದರಲ್ಲೇ ಇದೆ, ಒಗೆಯಲು ಯಾರಿಗೆ ಮನಸ್ಸಿದೆ ಎಂದು ಯಜಮಾನಿ ಕಣ್ಣೊರೆಸಿಕೊಂಡರು. ಬೇಕಿದ್ದರೆ ತೆಗೆದುಕೊಂಡು ಹೋಗಿ, ಒಂದು ಕಲೆಯೂ ಇಲ್ಲ ಎಂದರು. ಅತ್ತೆ ಇನ್ಸ್‌ಪೆಕ್ಟರನ್ನು ಕರೆಸಿ ಬುಟ್ಟಿಗೆ ಮೊಹರು ಹಾಕಿಸಿದರು.

ದಾರಿಯಲ್ಲಿ ಸೊಸೆ ತನ್ನ ತೀರ್ಪು ಕೊಟ್ಟಳು. ಟ್ಯೂಬು ತಂದವನು ತಮ್ಮ, ಸಂಜೆ ಅಣ್ಣನ ಹತ್ತಿರ ಕೂರುತ್ತಿದ್ದವನು ತಮ್ಮ, ಲಾಂಡ್ರಿ ಸಿಗುವುದು ತಮ್ಮನಿಗೆ. ಹೈಪೋ ಬಾಟಲಿ ಅವನ ಕೈಗೂ ಎಟಕುತ್ತದೆ. ಸಾಲದ್ದಕ್ಕೆ ಆ ಬಾಯಿ.

"ಕೆಟ್ಟ ಬಾಯಿ ಇರೋರನ್ನೆಲ್ಲಾ ಹಿಡಿಯೋ ಹಾಗಿದ್ರೆ ನಿನ್ನ ಎಂದೋ ಒಳಗೆ ಹಾಕಿಸ್ತಿದ್ದೆ," ಎಂದರು ಅತ್ತೆ. ಆಮೇಲೆ ಮನೆ ಮುಟ್ಟುವವರೆಗೂ ಮಾತಾಡಲಿಲ್ಲ. ಅತ್ತೆಗೆ ಉತ್ತರ ಸಿಕ್ಕಿದೆ, ಸಿಕ್ಕಿದ್ದು ಇಷ್ಟವಾಗಿಲ್ಲ ಎಂದು ಸೊಸೆಗೆ ಅರ್ಥವಾಯಿತು.

ಮರುದಿನ ಎಲ್ಲರೂ ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ಸೇರಿದರು. ಉದ್ದನೆಯ ಮೇಜಿನ ಒಂದು ಬದಿಗೆ ಯಜಮಾನಿ ಮತ್ತು ಅವರ ಮೈದುನ, ಇನ್ನೊಂದು ಬದಿಗೆ ಡಾಕ್ಟರು, ಇನ್ಸ್‌ಪೆಕ್ಟರು. ನರ್ಸು ಬಾಗಿಲ ಹತ್ತಿರ ನಿಂತಿದ್ದಳು. ಯಜಮಾನಿ ಅವಳಿಗೆ ತಮ್ಮ ಪಕ್ಕದಲ್ಲಿ ಜಾಗ ಮಾಡಿ ಕರೆದು ಕೂರಿಸಿಕೊಂಡರು, ಅವಳ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡರು. ಸೊಸೆ ಅತ್ತೆಯ ಹಿಂದೆ ನಿಂತಳು.

ಅತ್ತೆ ಬುಟ್ಟಿಯ ಮೊಹರು ಒಡೆಸಿ ಮೊದಲು ಏಪ್ರನ್ ತೆಗೆದರು. ಮನೆಯಿಂದ ತಂದ ಟ್ಯೂಬಿನಿಂದ ಒಂದು ಚುಕ್ಕೆ ಮುಲಾಮನ್ನು ಅದರ ಅಂಚಿಗೆ ಮುಟ್ಟಿಸಿದರು. ಬಟ್ಟೆ ನೀಲಿಗಟ್ಟಿತು. ಆ ಮನೆಯಲ್ಲಿ ಗಂಜಿಯಿಲ್ಲದ ಬಟ್ಟೆಯೇ ಇಲ್ಲ, ಹಾಗಾಗಿ ಅಲ್ಲಿ ಈ ಮುಲಾಮನ್ನು ಕದ್ದು ಹಚ್ಚುವುದು ಸುಲಭವಲ್ಲ ಎಂದರು. ದಿನವೂ ಹಚ್ಚಿದ್ದರೆ ಈ ಏಪ್ರನ್ನಿನ ತೋಳು, ಎದೆ, ಮಡಿಲು ಎಲ್ಲ ಹೀಗಾಗಬೇಕಿತ್ತು. ಆಗಿಲ್ಲ.

"ಹೈಪೋ ಹಾಕಿ ತೆಗೆದಿರ್ತಾಳೆ," ಎಂದ ಮೈದುನ. "ಬಾಟಲಿ ಕಣ್ಣೆದುರಿಗೇ ಇರುತ್ತೆ."

ಅತ್ತೆ ಆ ಮಾತಿಗಾಗಿಯೇ ಕಾದಿದ್ದಂತೆ ಏಪ್ರನ್ನನ್ನು ಅವನ ಕೈಗೆ ಕೊಟ್ಟರು. ನೀವೇ ನೋಡಿ, ನಿಮಗಿಂತ ಚೆನ್ನಾಗಿ ಇದನ್ನು ಬಲ್ಲವರು ಇಲ್ಲಿಲ್ಲ ಎಂದರು. ಅವನು ಅಂಚಿನಿಂದ ಅಂಚಿಗೆ ಬೆರಳಾಡಿಸಿದ. ಮೊಣಕೈ ಮಡಿಸುವಲ್ಲಿ ಮುದುರಿದ್ದು ಬಿಟ್ಟರೆ ತಾನು ಹಾಕಿದ ಗಂಜಿ ಹಾಗೇ ಇದೆ, ನೀರು ಬಿದ್ದಿಲ್ಲ ಎಂದು ಒಪ್ಪಿಕೊಂಡ. ಇಷ್ಟವಿಲ್ಲದೆ ಒಪ್ಪಿದ, ಆದರೆ ಒಪ್ಪಿದ. ಅವನು ಒರಟನಾದರೂ ಸುಳ್ಳನಲ್ಲ ಎಂದು ಸೊಸೆಗೆ ಮೊದಲ ಸಲ ಅನ್ನಿಸಿತು.

ಆಮೇಲೆ ಅತ್ತೆ ಹಾಸನ್ನು ಮೇಜಿನ ಮೇಲೆ ಹರಡಿದರು. ಬಿಳೀ ಕ್ರೀಮಿನ ಜಿಡ್ಡು ಬಿಟ್ಟರೆ ಅದರಲ್ಲಿ ಯಾವ ಬಣ್ಣವೂ ಇರಲಿಲ್ಲ. ಇದನ್ನೂ ನೋಡಿ ಎಂದರು. ಮೈದುನನ ಅಂಗೈ ಹಾಸಿನ ಮೇಲೆ ಸರಿಯಿತು, ಸೊಂಟ ಬರುವಲ್ಲಿ ನಿಂತಿತು, ಇನ್ನೊಂದು ಕಡೆ ನಿಂತಿತು. ಅವನ ಹುಬ್ಬು ಗಂಟಿಕ್ಕಿತು.

"ಇಲ್ಲಿ ಮೆತ್ತಗಾಗಿದೆ. ಇಲ್ಲೂ. ಬೆವರಾದ್ರೆ ಅಂಚು ಹಳದಿಯಾಗುತ್ತೆ, ಇದು ಬೆವರಲ್ಲ. ಯಾರೋ ಕಲೆ ತೆಗೆದು ಹಾಗೇ ಬಿಟ್ಟಿದ್ದಾರೆ. ಈ ಕಲೆ ತೆಗೆಯೋರದ್ದು ಯಾವಾಗ್ಲೂ ಇದೇ ಹಣೆಬರಹ. ಕಲೆ ಹೋದ್ರೆ ಅವರ ಕೆಲಸ ಮುಗೀತು, ಗಂಜಿ ಹೋಗಿದ್ದು ಅವರ ಕಣ್ಣಿಗೇ ಬೀಳಲ್ಲ. ಅಣ್ಣನ ಹತ್ರ ದಿನಾ ಇದಕ್ಕೇ ನನ್ನ ಜಗಳ..."

ಅವನ ಮಾತು ಅಲ್ಲಿಗೇ ನಿಂತುಹೋಯಿತು. ಕೈ ಮಾತ್ರ ಹಾಸಿನ ಮೇಲೇ ಉಳಿಯಿತು. ಅವನು ಮೆಲ್ಲನೆ ತಲೆಯೆತ್ತಿ ಅತ್ತಿಗೆಯನ್ನು ನೋಡಿದ.

"ಹೌದು," ಎಂದರು ಅತ್ತೆ. "ನೀವು ಮಾಡಿದ್ದಿದ್ರೆ ಈ ಮೆತ್ತನೆ ಜಾಗ ನಿಮ್ಮ ಕೈಗೆ ಚುಚ್ಚುತ್ತಿತ್ತು. ಗಂಜಿ ಹಾಕಿ ಇಸ್ತ್ರಿ ಎಳೆಯದೆ ನಿಮಗೆ ನಿದ್ದೆ ಬರ್ತಿರಲಿಲ್ಲ. ನಿನ್ನೆ ನಮ್ಮ ಸೊಸೆ ಮೇಜಿನ ಬಟ್ಟೆ ಕೆಡಿಸಿದಳು. ಕಲೆ ಹೋಯ್ತು, ಆರಿದ ಮೇಲೆ ಮುಟ್ಟಿ ನೋಡಿದೆ. ಹೀಗೇ ಮೆತ್ತಗಿತ್ತು."

ಅತ್ತೆ ಉಳಿದದ್ದನ್ನು ದನಿ ಏರಿಸದೆ ಒಂದೊಂದಾಗಿ ಹೇಳಿದರು. ಬಳಸಿದ ಟ್ಯೂಬಿನ ಕತ್ತಿನಲ್ಲಿ ಕಂದು ಬಣ್ಣ ಕೂರದೆ ಇರುವುದಿಲ್ಲ. ಚೀಲದಲ್ಲಿ ಸಿಕ್ಕ ಟ್ಯೂಬು ತೊಳೆದಿಟ್ಟಂತಿತ್ತು, ಅಂದರೆ ಕಲೆ ಕಂಡರೆ ಸುಮ್ಮನಿರಲಾರದ ಕೈಯೊಂದು ಅದನ್ನು ಒರೆಸಿದೆ. ಕಟ್ಟನ್ನು ರೋಗಿಯೇ ಸಡಿಲಿಸಿಕೊಂಡರು ಎಂದು ಯಜಮಾನಿ ನರ್ಸಿಗೆ ಹೇಳಿದ್ದರು. ಚಮಚ ಹಿಡಿಯಲಾರದೆ ಇನ್ನೊಬ್ಬರ ಕೈಯಿಂದ ಉಣ್ಣುತ್ತಿದ್ದವರು ಯಾವ ಬೆರಳಿನಿಂದ ಕಟ್ಟು ಬಿಚ್ಚಿಯಾರು? ಕೊನೆಯದು ಚೀಲದ ಮಾತು. ಅದರ ಸುದ್ದಿ ಯಾರೂ ಎತ್ತಿರದಿದ್ದಾಗ ಹುಡುಕಬೇಡಿ ಎಂದು ಕೈ ಮುಗಿದವರು ಒಬ್ಬರೇ. ಬೇಡ ಎಂದದ್ದನ್ನೇ ಪೊಲೀಸರು ಮೊದಲು ಮಾಡುತ್ತಾರೆಂದು ಎಂಥವರಿಗೂ ಗೊತ್ತು.

ನರ್ಸು ತನ್ನ ಕೈಯನ್ನು ಎಳೆದುಕೊಂಡಳು. ಯಜಮಾನಿ ಬಿಟ್ಟುಕೊಟ್ಟರು. ಖಾಲಿಯಾದ ತಮ್ಮ ಅಂಗೈಯನ್ನು ನೋಡುತ್ತ ಕುಳಿತರು.

"ಅವರೇ ಕೇಳಿದ್ದು," ಎಂದರು ಕೊನೆಗೆ. "ಆ ಸುಣ್ಣ ಬೇಡ ಕಣೇ, ನಮ್ಮ ಮುಲಾಮು ಹಚ್ಚು, ಆ ಹುಡುಗಿಗೂ ಡಾಕ್ಟರಿಗೂ ಕಾಣದ ಹಾಗೆ ಹೈಪೋ ಒತ್ತಿ ಒರೆಸಿಬಿಡು ಅಂತ. ಎಷ್ಟೋ ಜನರ ಸುಟ್ಟಗಾಯಕ್ಕೆ ಇದೇ ಕೈಯಿಂದ ಹಚ್ಚಿ ವಾಸಿಮಾಡಿದ್ದೀನಿ. ರಾತ್ರಿ ದಪ್ಪಗೆ ಹಚ್ತಿದ್ದೆ, ಬೆಳಗಾಗೋ ಮುಂಚೆ ಒರೆಸಿ ಬಿಳೀದು ಮೆತ್ತಿ ಕಟ್ತಿದ್ದೆ. ಬಣ್ಣ ಹೋದ ಮೇಲೆ ಅದು ಮೈಮೇಲೆ ಇರಲ್ಲ ಅಂದ್ಕೊಂಡಿದ್ದೆ. ಗಾಯ ಒಣಗ್ತಾ ಇತ್ತು ಡಾಕ್ಟರೇ, ನೀವೇ ನೋಡಿದ್ರಿ."

ಡಾಕ್ಟರು ಮುಖ ಬೇರೆ ಕಡೆ ತಿರುಗಿಸಿದರು. ಎದೆ ಹೊಡೆದುಕೊಳ್ಳುತ್ತಿದ್ದಾಗಲಾದರೂ ಒಂದು ಮಾತು ಹೇಳಿದ್ದರೆ ಉಳಿಸಬಹುದಿತ್ತು ಎಂದರು. ಸಿಟ್ಟು ಅವರ ದನಿಯಿಂದ ಇಳಿದುಹೋಗಿತ್ತು, ಅದು ಕೇಳಲು ಇನ್ನೂ ಕಷ್ಟವಾಗಿತ್ತು.

"ಅತ್ತಿಗೆ, ಆ ಚೀಲ?" ಎಂದ ಮೈದುನ.

ಯಜಮಾನಿ ಚೀಲದ ವಿಷಯವನ್ನೂ ಹೇಳಿದರು. ಸಾವಿಗೆ ಕಾರಣ ಇದೇ ಎಂದು ಡಾಕ್ಟರು ಹೇಳಿದ ದಿನ ತಮ್ಮ ಕೈಯನ್ನು ತಾವೇ ನೋಡಿಕೊಳ್ಳಲಾಗಲಿಲ್ಲವಂತೆ. ಗಂಡನನ್ನು ಕೊಂದವಳು ಎಂದು ಬೀದಿಯವರು, ಮೈದುನ, ನೆಂಟರಿಷ್ಟರು ಎಲ್ಲರೂ ಬೆರಳು ತೋರಿಸುವುದು ಕಣ್ಣಮುಂದೆ ಬಂತಂತೆ. ಅಷ್ಟರಲ್ಲಿ ಈ ಹುಡುಗಿ ಮಾತಾಡಿಸಲು ಬಂದಳು, ಚೀಲವನ್ನು ಒಳಕೋಣೆಯಲ್ಲಿಟ್ಟಳು.

"ಅವಳಿಗೆ ಹಿಂದಿಲ್ಲ ಮುಂದಿಲ್ಲ. ವಯಸ್ಸಿದೆ. ಬೇರೆ ಎಲ್ಲಾದ್ರೂ ಹೋಗಿ ಬದುಕ್ಕೋತಾಳೆ ಅಂದ್ಕೊಂಡೆ," ಎಂದರು. "ನನಗೆ ಎಲ್ಲಿಗೆ ಹೋಗೋದಿತ್ತು?"

ಸೊಸೆ ಯಜಮಾನಿಯ ಕೈಯನ್ನೇ ನೋಡಿದಳು. ನಿನ್ನೆ ಆ ಕೈಯಿಂದಲೇ ಕಾಫಿ ಕುಡಿದಿದ್ದಳು, ಮಗಳೇ ಎಂದಾಗ ಕರಗಿದ್ದಳು. ಈ ಹೆಂಗಸು ಸುಳ್ಳೇ ಪ್ರೀತಿ ತೋರಿಸಿದ್ದರೆ ದ್ವೇಷಿಸುವುದು ಸುಲಭವಿತ್ತು. ಪ್ರೀತಿ ನಿಜವಿತ್ತು, ಹುಡುಗಿಯನ್ನು ಬಲಿಕೊಟ್ಟದ್ದೂ ನಿಜವಿತ್ತು. ಅದನ್ನು ನೆನೆದು ಸಿಟ್ಟಿನಿಂದ ಮೈ ಉರಿಯಿತು.

"ಹಚ್ಚಿದ್ದು ತಿಳಿಯದೆ ಮಾಡಿದ ತಪ್ಪು," ಎಂದರು ಅತ್ತೆ. "ಅದರಲ್ಲಿ ನಿಮ್ಮ ಯಜಮಾನರೂ ಪಾಲುದಾರರು. ಅದಕ್ಕೆ ಕಾನೂನೂ ಕನಿಕರ ತೋರಿಸಬಹುದು. ಆದ್ರೆ ಟ್ಯೂಬನ್ನ ಒರೆಸಿ ಈ ಹುಡುಗಿ ಚೀಲಕ್ಕೆ ಹಾಕಿದಾಗ ನಿಮಗೆ ಎಲ್ಲಾ ತಿಳಿದಿತ್ತು ತಾಯಿ."

ಇನ್ಸ್‌ಪೆಕ್ಟರು ಎದ್ದು ನಿಂತಾಗ ಯಜಮಾನಿಯೂ ಎದ್ದರು, ಅಭ್ಯಾಸಬಲದಿಂದ ಹಾಸಿನ ಮಡಿಕೆಯನ್ನು ಒಮ್ಮೆ ಸರಿಮಾಡಿದರು. ಬಾಗಿಲ ಹತ್ತಿರ ನಿಂತು ನರ್ಸಿನ ಕಡೆ ತಿರುಗಿದರು.

"ಮಗಳೇ..."

"ಹಾಗೆ ಕರೀಬೇಡಿ," ಎಂದಳು ನರ್ಸು. ಅವಳು ಅಳುತ್ತಿರಲಿಲ್ಲ. "ನಿಮ್ಮ ಮೈದುನ ಬೈದಿದ್ದನ್ನ ನಾನು ಮರೀತೀನಿ. ಅದೊಂದು ಮಾತನ್ನ ಮರೆಯೋದಕ್ಕೆ ನನಗೆ ಆಗಲ್ಲ."

ಅವರು ಹೊರಟುಹೋದ ಮೇಲೆ ಡಾಕ್ಟರು ತಮ್ಮ ಚೀಲ ಹಿಡಿದು ಎದ್ದರು. ಪೇದೆಯೊಬ್ಬ ಹಾಸನ್ನೂ ಏಪ್ರನ್ನನ್ನೂ ಕಾಗದದಲ್ಲಿ ಸುತ್ತತೊಡಗಿದ. ಮೈದುನ ತಣ್ಣಗಿದ್ದ ಇಸ್ತ್ರಿಪೆಟ್ಟಿಗೆಯ ಹಿಡಿಯನ್ನು ಹಿಡಿದುಕೊಂಡೇ ನಿಂತಿದ್ದ. ಅಣ್ಣನೂ ಹೋದ, ಅತ್ತಿಗೆಯೂ ಹೋದರು, ಅದಕ್ಕೆ ದಾರಿ ತೋರಿಸಿದ್ದು ತನ್ನದೇ ಅಂಗೈ. ಲಾಂಡ್ರಿ ಈಗ ಪೂರ್ತಿ ಅವನದು. ಸೊಸೆ ತನ್ನ ಹಿಂದಿನ ದಿನದ ತೀರ್ಪನ್ನು ನೆನೆದು ತಲೆ ತಗ್ಗಿಸಿದಳು.

ಅವನು ನರ್ಸಿನ ಮುಖ ನೋಡಲಾರದೆ, ಮೇಜಿಗೇ ಹೇಳುವಂತೆ, ಹೊಸ ಏಪ್ರನ್ ಹೊಲಿಸಿ ಕೊಡುತ್ತೇನೆ, ಇದ್ದಷ್ಟು ದಿನ ಒಗೆದು ಗಂಜಿ ಹಾಕಿ ಕೊಡುತ್ತೇನೆ, ಬೀದಿಯಲ್ಲಿ ಆಡಿದ ಮಾತನ್ನು ಅದೇ ಬೀದಿಯಲ್ಲಿ ನಿಂತು ವಾಪಸು ತೆಗೆದುಕೊಳ್ಳುತ್ತೇನೆ ಎಂದ.

"ಬೀದೀಲಿ ಹೇಳಿ," ಎಂದಳು ಅವಳು. "ಏಪ್ರನ್ ಬೇಡ."

ಪೇದೆ ದಾರ ಕಟ್ಟುತ್ತಿದ್ದ. ಅವಳು ಅವನ ಹತ್ತಿರ ಹೋಗಿ, ಕೇಸು ಮುಗಿದ ಮೇಲೆ ಆ ಹಳೇ ಏಪ್ರನ್ನನ್ನು ತನಗೆ ಹಿಂದಿರುಗಿಸುತ್ತಾರಾ ಎಂದು ಕೇಳಿದಳು. ನೀಲಿ ಕಲೆ ಬಿದ್ದಿದೆಯಲ್ಲಮ್ಮ, ಅದನ್ನು ಇಟ್ಟುಕೊಂಡು ಏನು ಮಾಡುತ್ತೀ ಎಂದ ಅವನು.

"ಇರಲಿ, ತೆಗೀಬೇಡಿ," ಎಂದಳು. "ಈ ಮನೇಲಿ ನನ್ನ ಪರ ನಿಜ ಹೇಳಿದ್ದು ಅದೊಂದೇ."